ಎರಡು ಒಗ್ಗರಣೆ

ಫಾಲ್ಸ್ ಸೀಲಿಂಗ್ ಕೊಯ್ದು, ಗಾಳಿಕೊಳವೆಯ ಹೊಟ್ಟೆ ಸೀಳಿ
ಅದನ್ನು ಒಳಗೆ ಕೂರಿಸಿದವನು ದತ್ತು ಶೇಲಾರ್.
ಬಾಣದ ಗುರುತು ತೋರಿಸಿ ಹೇಳಿದ:
‘ವಹಿನಿ, ಗಾಳಿ ಹೋಗೋ ಕಡೆಗೇ ಇರಬೇಕು ಇದರ ಮೂತಿ.
ಉಲ್ಟಾ ಹಾಕಿದರೆ ಬರೀ ಕರೆಂಟ್ ಬಿಲ್ಲು.’

ಅವತ್ತಿನಿಂದ ನಮ್ಮ ಮನೆಯಲ್ಲಿ
ಒಗ್ಗರಣೆ ಎರಡು ಸಲ ಸಿಡಿಯುತ್ತದೆ.
ಒಲೆಯ ಮೇಲೊಮ್ಮೆ ಸಾಸಿವೆ,
ಗಳಿಗೆ ಬಿಟ್ಟು ತಲೆಯ ಮೇಲೆ
ಚಟ್, ಚಟಚಟ್, ಅದರ ಹೊಗೆ.
ಮೊದಲ ವಾರ ಅತ್ತೆ, ಹಲ್ಲಿ ನುಡಿಯಿತೆಂದು
ನೆಲ ಕುಟ್ಟಿ ‘ಕೃಷ್ಣ ಕೃಷ್ಣ’ ಎನ್ನುತ್ತಿದ್ದರು.

ಮೂರು ತಿಂಗಳಿಗೊಮ್ಮೆ ಬಿಚ್ಚಿ ತೊಳೆಯುವುದು ನಾನೇ.
ಸ್ವಿಚ್ಚು ಆರಿಸಿ, ಕಾಲು ಗಂಟೆ ಕಾದು,
ಬಚ್ಚಲಲ್ಲಿ ಸೋಪಿನ ನೀರಿಗೆ ಇಳಿಸಿದರೆ
ತಗಡಿನ ಸಂದುಗಳಿಂದ ಕಪ್ಪು ಎದ್ದು ಬರುತ್ತದೆ:
ಮಾಹುಲಿನ ಚಿಮಣಿ, ಫ್ರೀವೇ ಇಳಿಯುವ ಟ್ರಕ್ಕು,
ದೀಪಾವಳಿಯ ನೆಲಚಕ್ರ, ಸೀದ ದೋಸೆ,
ಮತ್ತೆ, ಬಿಟ್ಟೇಬಿಟ್ಟೆನೆಂದು
ಮೊಮ್ಮಗಳ ತಲೆ ಮುಟ್ಟಿ ಹೇಳಿದ್ದ ಮಾವನ ಬೀಡಿ.
ಬಿಸಿನೀರು ತಾಗಿದ್ದೇ ವಾಸನೆ ಹೇಳಿತು.
ನಾನು ಹೇಳಲಿಲ್ಲ.
ಇನ್ನೊಂದು ಬಕೆಟ್ ಸುರಿದೆ.

ಕೂದಲೆಳೆಯಂಥ ತಂತಿ. ಒಂದು ತುಂಡಾದರೂ
ರಾತ್ರಿಯಿಡೀ ಜಗಳ ಎನ್ನುತ್ತಾನೆ ದತ್ತು.
ಉಜ್ಜದೆ, ಬಟ್ಟೆ ಸೋಕಿಸದೆ
ಬಾಲ್ಕನಿಯಲ್ಲಿ ಓರೆಯಾಗಿ ನಿಲ್ಲಿಸುತ್ತೇನೆ,
ಚೆಂಬೂರಿನ ಬಿಸಿಲಿಗೆ, ಚೆಂಬೂರಿನದೇ ಗಾಳಿಗೆ.
ಒಣಗಿಸಲು ಬೇರೆ ಗಾಳಿ
ಎಲ್ಲಿಂದ ತರಲಿ?

ಹನಿ ಪೂರ್ತಿ ಆರುವವರೆಗೆ ಒಂದು ರಾತ್ರಿ
ಸೀಲಿಂಗಿಗೆ ಮೌನವ್ರತ.
ಸಾಸಿವೆ ಒಮ್ಮೆಯಷ್ಟೇ ಸಿಡಿಯುತ್ತದೆ.
ಎರಡನೆಯದಕ್ಕೆ ಕಿವಿಕೊಟ್ಟು
ಸೌಟು ಹಿಡಿದು ನಿಂತುಬಿಡುತ್ತೇನೆ,
ಸಾರು ಉಕ್ಕುತ್ತದೆ.
ಮಾವ ಮಾತ್ರ ಆ ರಾತ್ರಿ
ಕೋಣೆಯ ಕಿಟಕಿ ಪೂರಾ ತೆರೆದು,
ಸೆಕೆ ಎನ್ನುತ್ತಾರೆ, ಜನವರಿಯಲ್ಲಿ.