ಅರ್ಧ ಹನಿ

ಗುತ್ತಲು ರಸ್ತೆಯ ಶೆಡ್ಡಿನಲ್ಲಿ
ಇಟ್ಟಿಗೆಗಳ ಮೇಲೆ ಕೂತಿದೆ ಅರವತ್ತೆರಡರ ಫಿಯೆಟ್ಟು,
ಚಕ್ರವಿಲ್ಲ, ಗಾಜಿಲ್ಲ, ಕಣ್ಣಿದ್ದಲ್ಲಿ ಎರಡು ತೂತು.
ಇನಾಯತ್ ಸಾಬರು ಬಣ್ಣದ ಪುಸ್ತಕ ಬಿಚ್ಚಿ
ಬೀಸಣಿಗೆಯಂತೆ ಬಾನೆಟ್ಟಿನ ಮೇಲೆ ಹರಡುತ್ತಾರೆ:
"ಆರಿಸಿ ಸಾ. ಸೋಮವಾರದೊಳಗೆ ಹೇಳಿದ್ರೆ
ಯುಗಾದಿಗೆ ಗಾಡಿ."

ಮೂವತ್ತೊಂದು ವರ್ಷದಿಂದ ಬಣ್ಣ ನೋಡಿ ಬೆಲೆ ಕಟ್ಟಿದವನು ನಾನು.
ಬೆಲ್ಲದ ಮಂಡಿಯಲ್ಲಿ ನನ್ನ ಕಣ್ಣೇ ತಕ್ಕಡಿ.
ಒಂದು ಅಚ್ಚು ಕೈಗೆ ಬಂದರೆ ಸಾಕು,
ಕೊಪ್ಪರಿಗೆಯಲ್ಲಿ ಎಷ್ಟು ಹೊತ್ತು ಕುದಿಯಿತು,
ಸುಣ್ಣ ಹೆಚ್ಚಾಯಿತೋ, ಬೆಂಡೆ ಗಿಡದ ಲೋಳೆ ಸಾಲದೆ ಹೋಯಿತೋ,
ಹೊಳಪಿಗೆಂದು ಯಾರು ಯಾವ ಪುಡಿ ಹಾಕಿದರು,
ಹೇಳಿಬಿಡುತ್ತೇನೆ.
ಈ ಪುಸ್ತಕದೆದುರು ಮೂರು ದಿನದಿಂದ ಮೂಕ.

ಮನೆಯಲ್ಲಿ ಪಂಚಾಯಿತಿ.
ಬಿಳಿ ಹೊಡೆಸಿ ಎಂದಳು ಶಶಿರೇಖೆ, ಬಿಸಿಲಿಗೆ ತಂಪು.
ಬಿಳಿ ಎಂದರೆ ಆಂಬುಲೆನ್ಸು ಎಂದ ಅವಳ ತಮ್ಮ,
ಅವನಿಗೆ ಮೆಣಸಿನಕಾಯಿ ಕೆಂಪೇ ಆಗಬೇಕು.
ಮೈಸೂರಿನ ಹಳೇ ಕಾರುಗಳ ಕೂಟದ ಪೊನ್ನಪ್ಪನವರು ಫೋನಿನಲ್ಲಿ:
"ಕಂಪನಿ ಬಣ್ಣ ಬಿಟ್ಟು ಬೇರೆ ಬಳಿದರೆ
ನನ್ನ ಜೊತೆ ಮಾತಾಡಬೇಡಿ."
ಕಂಪನಿ ಬಣ್ಣ ಯಾವುದು?
ಆರ್‌ಸಿ ಪುಸ್ತಕದಲ್ಲಿ ಗೆದ್ದಲು ತಿಂದಿದೆ,
ಅಚ್ಚುಕಟ್ಟಾಗಿ, ಆ ಸಾಲನ್ನಷ್ಟೇ.

ಇನಾಯತ್ ನೀರು ಚಿಮುಕಿಸಿ ಮರಳು ಕಾಗದ ಉಜ್ಜಿದರು.
ಬಿಳಿ ಹೋಯಿತು, ಅದು ಕಂಟ್ರಾಕ್ಟರ್ ಕಾಲದ್ದು.
ಅದರಡಿ ಹಳದಿ, ಕಪ್ಪು: ಮದ್ದೂರು, ಮಂಡ್ಯ, ಮದ್ದೂರು ಎಂದು
ಒಂಬತ್ತೊಂಬತ್ತು ಜನರನ್ನು ತುರುಕಿಕೊಂಡು ದುಡಿದ ಟ್ಯಾಕ್ಸಿ ದಿನಗಳು.
ಅದರಡಿ ಒಂದು ಕಾವಿ; ಪ್ರೈಮರೋ, ಯಾರದೋ ಭಕ್ತಿಯೋ,
ಗೊತ್ತಾಗಲಿಲ್ಲ.
ಆಮೇಲೆ ತಗಡು. ಯಾರೋ ಹಿಂದೆಯೇ ಬೆತ್ತಲೆ ಮಾಡಿ ಹೋಗಿದ್ದರು.

ನನಗೆ ಬೇಕಾದದ್ದು ಅದಕ್ಕೂ ಹಿಂದಿನದು.
ಲೇಡಿ ಡಾಕ್ಟರ್ ಫಿಲೋಮಿನಾ ಇದನ್ನು ತಾವೇ ಓಡಿಸುತ್ತಿದ್ದ ಕಾಲ.
ಕೆರಗೋಡಿನಿಂದ ಬರುವಾಗ, ನಾಲೆ ಏರಿಯ ಮೇಲೆ,
ಹಿಂದಿನ ಸೀಟಿನಲ್ಲಿ ನಾನು ಹುಟ್ಟಿದೆನಂತೆ.
ಅವ್ವನನ್ನು ಕೇಳಿದೆ. ಅವರೇಕಾಯಿ ಸುಲಿಯುತ್ತಿದ್ದಳು.
"ಹೆರಿಗೆ ನೋವಲ್ಲಿ ಬಣ್ಣ ನೋಡ್ಕಂಡ್ ಕೂರ್ತಾರೇನ್ಲಾ?"
ಸ್ವಲ್ಪ ಹೊತ್ತು ಬಿಟ್ಟು,
"ರಾತ್ರಿ ಬೇರೆ. ಒಳಗಡೆ ಒಂದ್ ಪುಟ್ಟ ದೀಪ ಇತ್ತು ಕಣ್ಲಾ.
ಸೀಟ್ ತೊಳ್ಸಿದ್ ದುಡ್ಡು ಡಾಕ್ಟ್ರಮ್ಮ ಕೇಳ್ನೇ ಇಲ್ಲ."
ಮತ್ತೆ ಅವರೇಕಾಯಿ.

ಬೆಲ್ಲವನ್ನು ಮೇಲಿಂದ ನೋಡಿ ಕೊಂಡವನು ಕೆಟ್ಟ.
ಮುರಿದು ನೋಡಬೇಕು.
ನಿನ್ನೆ ಸಂಜೆ ಡ್ಯಾಶ್‌ಬೋರ್ಡಿನ ಪುಟ್ಟ ಪೆಟ್ಟಿಗೆ ಕಳಚಿದಾಗ
ಅದರ ಬೆನ್ನ ಹಿಂದೆ, ಅಂಗೈಯಗಲ,
ಅರವತ್ತು ವರ್ಷ ಬಿಸಿಲು ಕಾಣದ ಬಣ್ಣ.
ನೀಲಿ ಎನ್ನಲೇ? ಹಾಲಿಗೆ ಬೂದಿ ಬಿದ್ದಂತಿದೆ.
ಬೂದು ಎನ್ನಲೇ? ನಾಲೆಗೆ ನೀರು ಬಿಟ್ಟ ಮೊದಲ ದಿನ,
ಬೆಳಗಿನ ಐದೂವರೆಗೆ,
ಕಬ್ಬಿನ ಗರಿಗಳ ಸಂದಿಯಲ್ಲಿ ಕಂಡೂ ಕಾಣದ ನೀರು.
ಪುಸ್ತಕವೆಲ್ಲ ಹುಡುಕಿದೆವು, ಬೆರಳಿಗೆ ಎಂಜಲು ಹಚ್ಚಿ.
ಇದಕ್ಕೆ ನಂಬರಿಲ್ಲ.

ಇಂದು ಇನಾಯತ್ ಡಬ್ಬಿಯಲ್ಲಿ ಕಲೆಸಿದರು,
ಕನ್ನಡಕವನ್ನು ಹಣೆಗೇರಿಸಿ, ಇಳಿಸಿ, ಮತ್ತೆ ಏರಿಸಿ.
ಮುಚ್ಚಳಕ್ಕೆ ಬಳಿದು ಬಿಸಿಲಿಗಿಟ್ಟು
ಥಿನ್ನರ್ ವಾಸನೆಯಾಚೆ ಹೋಗಿ ಬೀಡಿ ಹಚ್ಚಿದರು.
ಒಣಗಿತು. ಸರಿಯಾಗಿತ್ತು. ತೀರಾ ಸರಿಯಾಗಿತ್ತು,
ಇದೀಗ ಶೋರೂಮಿನಿಂದ ಇಳಿದಂತೆ,
ಇನ್ನೂ ಯಾರನ್ನೂ ಎಲ್ಲಿಗೂ ಮುಟ್ಟಿಸದಂತೆ.

ನನ್ನ ಮುಖ ನೋಡಿದರು.
ಕಡ್ಡಿಯನ್ನು ಕಪ್ಪಿಗೆ ಅದ್ದಿ ಎತ್ತಿದರು.
ತುದಿಯಲ್ಲೊಂದು ಹನಿ, ಬೀಳಲೋ ಬೇಡವೋ ಎಂದು ತೂಗುತ್ತಾ.
"ಹಾಕ್ಲಾ ಸಾ?"
ಮಂಡಿಯಲ್ಲಿ ಹರಾಜು ಕೂಗುವ ಹೊತ್ತು, ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿದೆ.
ಅರ್ಧ ಹಾಕಿ ಅಂದೆ.
ಹನೀನ ಅರ್ಧ ಮಾಡೋದು ಹೆಂಗೆ ಸಾ ಎಂದು
ಅವರು ನಗುವಷ್ಟರಲ್ಲಿ
ಅದು ಬಿತ್ತು.