ಕ ಓತ್ವದ ದೀರ್ಘ ಕೋ

ಹನ್ನೊಂದು ಹೆಂಗಸರು ನನ್ನ ಕೀಲಿ ಗೊಂಚಲಲ್ಲಿದ್ದಾರೆ.
ಮನೆಯದು, ಸ್ಕೂಟಿಯದು, ಆಫೀಸಿನ ಗಾಡ್ರೇಜಿನದು,
ನಡುವೆ ಹೆಬ್ಬೆರಳಿನಷ್ಟು ಕರಿ ಪೆನ್‌ಡ್ರೈವು.
ರಾಯಚೂರಿನ ಮೇ ತಿಂಗಳಲ್ಲಿ ಅದು ಕಾಯುತ್ತದೆ,
ಎರಡೂ ಅರ್ಥದಲ್ಲಿ.
ಮುಟ್ಟಿದರೆ ಜ್ವರ ಬಂದ ಮಗುವಿನ ಕಿವಿ.

ಮೂರು ಕಡೆ ತಿರುಗಬೇಕು ಇದು.
ಆಫೀಸಿನಲ್ಲಿ ವಿಂಡೋಸು, ಅದರ ವಯಸ್ಸು ಯಾರಿಗೂ ಗೊತ್ತಿಲ್ಲ.
ಮನೆಯಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪು,
ತಮ್ಮ ಲಿನಕ್ಸ್ ಹಾಕಿಕೊಟ್ಟ, "ಪುಕ್ಕಟ ಅಕ್ಕ" ಎಂದ.
ವಕೀಲೆ ಮುನವ್ವರಾ ಅವರ ಮೇಜಿನ ಮೇಲೆ ಕಚ್ಚಿದ ಸೇಬು.
ಮೊದಮೊದಲು ಒಂದು ಓದಲು ಬಿಟ್ಟಿತು, ಬರೆಯಲು ಬಿಡಲಿಲ್ಲ.
ಇನ್ನೊಂದು "ಫಾರ್ಮ್ಯಾಟ್ ಮಾಡಲೇ?" ಎಂದಿತು,
ಬಂದ ಬೀಗರಿಗೆ ತಲೆ ಬೋಳಿಸಲೇ ಎಂದು ಕೇಳಿದ ಹಾಗೆ.

ಒಂದು ತಪ್ಪೂ ಮಾಡಿದ್ದೆ ಆಗ.
ತೀನ್ ಕಂದಿಲ್ ಹತ್ತಿರ ಝೆರಾಕ್ಸ್ ಅಂಗಡಿಯಲ್ಲಿ ಎರಡು ಪುಟ ಪ್ರಿಂಟು,
ಡ್ರೈವು ಕಿತ್ತುಕೊಂಡು ಬಂದೆ. ಮರುದಿನ ಹೋದರೆ
ಹುಡುಗ ಮುಖ ಎತ್ತದೆ ಕೇಳಿದ:
"ಮೇಡಂ, ಆ ಸಿರವಾರದಾಕಿ ಈಗ ಹೆಂಗದಾಳ?"
(ಸಿರವಾರ ಅಲ್ಲ. ಇಲ್ಲಿ ಹಾಗಿರಲಿ.)
ಕೆಟ್ಟ ಹುಡುಗನಲ್ಲ. ಕೇಳಿದ್ದು ಕಕ್ಕುಲಾತಿಗೇ.
ಆ ಕಕ್ಕುಲಾತಿಗೆ ಮೂರು ರಾತ್ರಿ ನನಗೆ ನಿದ್ದೆಯಿಲ್ಲ.

ಈ ಊರಿನಲ್ಲಿ ಒಂದು ಆಮ್ ತಲಾಬು, ಒಂದು ಖಾಸಬಾವಿ.
ಆಮ್ ಅಂದರೆ ಮಾವೋ, ಎಲ್ಲರದೋ
ಎಂದು ಚಿಕ್ಕಂದಿನಲ್ಲಿ ಜಗಳವಾಡಿದ್ದೆವು.
ಖಾಸ್ ಅಂದರೇನೆಂದು ಯಾರೂ ಜಗಳವಾಡಲಿಲ್ಲ.

ಡ್ರೈವನ್ನು ಮೂವರಿಗೂ ಒಗ್ಗುವ ಮಾದರಿಗೆ ತಂದು
ಒಳಗೊಂದು ತಿಜೋರಿ ಕಟ್ಟಿದೆ. ಹೆಸರು "ಹಳೇ ರೇಷನ್ ಪಟ್ಟಿ".
ಯಾರಿಗೆ ಬೇಕು ಹಳೇ ರೇಷನ್ ಪಟ್ಟಿ?
ಗುಟ್ಟಿನ ಪದ: ನಾಲ್ಕು ಕನ್ನಡ ಮಾತು, ಒಂದು ಕೋಟೆ.
ಕನ್ನಡದಲ್ಲಿಟ್ಟರೆ ಕಳ್ಳನಿಗೇನು ತಿಳಿದೀತು ಎಂಬ ಜಂಬ.

ಆ ದಿನ ಹನ್ನೊಂದಕ್ಕೆ ಕೇಸು.
ಅಮರಮ್ಮ ಬೆಂಚಿನ ತುದಿಯಲ್ಲಿ ಕೂತಿದ್ದಳು.
ಅಮರಮ್ಮ ಎನ್ನೋಣ; ಅದು ಅವಳ ಹೆಸರಲ್ಲ.
ಮ್ಯಾಕಿನಲ್ಲಿ ಪದ ಒತ್ತಿದೆ.
ಚುಕ್ಕಿ ಚುಕ್ಕಿ ಚುಕ್ಕಿ. ತಪ್ಪು.
ನಿಧಾನ ಒತ್ತಿದೆ. ತಪ್ಪು.
ಕೈ ಸೆರಗಿಗೆ ಒರೆಸಿಕೊಂಡು ಒತ್ತಿದೆ.
ಬೆಳಿಗ್ಗೆ ಆಫೀಸಿನಲ್ಲಿ ಇದೇ ಪದಕ್ಕೆ ಬಾಗಿಲು ತೆಗೆದಿತ್ತು!

ತಮ್ಮನಿಗೆ ಫೋನು. ನಕ್ಕ. ಆಮೇಲೆ ನಗಲಿಲ್ಲ.
"ಕೋ ಹೆಂಗ ಬರೀತಿ ಅಕ್ಕ?"
"ಕ ಓತ್ವದ ದೀರ್ಘ ಕೋ."
"ಅದು ಸಾಲ್ಯಾಗ. ಒಂದು ಮಷೀನು ಅದನ್ನ ಇಡಿಯಾಗಿ ಎಣಿಸ್ತದ,
ಇನ್ನೊಂದು ಬಿಚ್ಚಿಡ್ತದ: ಏತ್ವ ಬ್ಯಾರೆ,
ಕೊಂಬಿನ ಇಳಿ ಬ್ಯಾರೆ, ದೀರ್ಘ ಬ್ಯಾರೆ.
ಕಣ್ಣಿಗೆ ಒಂದs. ಕೀಲಿಗೆ ಅಲ್ಲ."

"ತೆಗೀವಲ್ದೇನ್ರೀ?" ಅಮರಮ್ಮ ಎದ್ದು ಬಂದಳು.
ಸ್ವಲ್ಪ ಹೊತ್ತು ಆ ಚುಕ್ಕಿಗಳನ್ನೇ ನೋಡಿದಳು.
"ಮತ್ತೊಮ್ಮಿ ಹೇಳ್ಲೇನು?"
ಬೇಡ ಎಂದೆ, ತುಸು ಜೋರಾಗಿಯೇ.
ಮೊದಲ ಸಲ ಹೇಳಲು ಅವಳಿಗೆ
ನಾಲ್ಕು ಮಂಗಳವಾರ ಬೇಕಾಗಿತ್ತು.

ಸ್ಕೂಟಿ ತಿರುಗಿಸಿದೆ. ಸೀಟು ಕಾದ ಹಂಚು.
ಆಫೀಸಿನಲ್ಲಿ ಕೋ ಅಂದರೆ ಕೋ, ತೆಗೆಯಿತು.
ಪ್ರಿಂಟು, ಲಕೋಟೆ,
ತಿಜೋರಿ ಮುಚ್ಚಿದೆನೋ ಎಂದು ಎರಡು ಸಲ ನೋಟ,
ಹತ್ತು ಐವತ್ತೆರಡಕ್ಕೆ ಕೋರ್ಟಿನ ಮೆಟ್ಟಿಲು.

ಆ ವಾರವೇ ಪದ ಬದಲಿಸಿದೆ,
ಮೂರೂ ಕಡೆ ಒತ್ತಿ ನೋಡಿದೆ. ಈಗ ಅದರಲ್ಲಿ ಕೋಟೆ ಇಲ್ಲ.
ಏನಿದೆ ಎಂದು ಕೇಳಬೇಡಿ.

ಇನ್ನೊಂದು ಪ್ರತಿ ಮಾಡಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ
ಜೋಳದ ಡಬ್ಬಿಯೊಳಗೆ ಇಟ್ಟಿದ್ದೆ. ಅವ್ವನ ಕೈಗೆ ಸಿಕ್ಕಿತು.
"ಇದೇನs ಇದು?"
"ಹಳೇ ರೇಷನ್ ಪಟ್ಟಿ."
ಅವ್ವ ನನ್ನನ್ನೊಮ್ಮೆ ನೋಡಿದಳು, ಅದನ್ನೊಮ್ಮೆ,
ಇದ್ದಲ್ಲೇ ಇಟ್ಟು
ಮೇಲೆ ಇನ್ನೂ ಎರಡು ಸೇರು ಜೋಳ ಸುರಿದಳು.