ಎರಡೂ ಕಾಲು

ಹಳೆಯ ಆಂಬುಲೆನ್ಸು, ಹರಾಜಿನಲ್ಲಿ ಹಿಡಿದದ್ದು.
ಸ್ಟ್ರೆಚರ್ ಇದ್ದಲ್ಲಿ ಈಗ ಹಾಸಿಗೆ,
ಆಕ್ಸಿಜನ್ ಸಿಲಿಂಡರಿನ ಮೂಲೆಗೆ ಗ್ಯಾಸ್ ಒಲೆ,
ಕಿಟಕಿಗೆ ಶೇವಂತಿ ಅಕ್ಕನ ಹಳೇ ಸೀರೆ.
ಎಲ್ಲ ಆಯಿತು, ಹತ್ತುವುದೊಂದು ಬಿಟ್ಟು.

ಕೋಡಿಬಾಗದ ಅಂಗಳದಲ್ಲಿ ಟೇಪು ಹಿಡಿದೆ:
ನೆಲದಿಂದ ಬಾಗಿಲಿಗೆ ಇಪ್ಪತ್ತೆರಡು ಇಂಚು.
ಅಕ್ಕನ ಹೊಸ ಮೊಣಕಾಲು ಒಮ್ಮೆಗೆ ಏರುವುದು ಎಂಟು.
ನಡುವೆ ಎರಡು ಮೆಟ್ಟಿಲು ಬೇಕು.
ಮೂವತ್ತೊಂದು ವರ್ಷ ಚಿಲ್ಲರೆ ಎಣಿಸಿದವನಿಗೆ
ಇಷ್ಟು ಭಾಗಾಕಾರ ಬಾಯಲ್ಲೇ ಬರುತ್ತದೆ.

ಆಯ್ತವಾರದ ಸಂತೆಯಿಂದ ಕೆಂಪು ಸ್ಟೂಲು ತಂದೆ.
ಕೂತರೆ ಗಟ್ಟಿ. ನಿಂತು ಅಂಚಿಗೆ ಭಾರ ಬಿಟ್ಟರೆ
ಕುಡಿದವನ ಹಾಗೆ ಪಕ್ಕಕ್ಕೆ ವಾಲುತ್ತದೆ.
ಬೈತಖೋಲದ ಮೀನಿನ ಕ್ರೇಟು ಬೋರಲು ಹಾಕಿದೆ.
"ಇದರ ಮೇಲೆ ಕಾಲಿಡಲಾ? ಅನ್ನ ಕೊಟ್ಟದ್ದು" ಎಂದು
ಅಕ್ಕ ಎತ್ತಿದ ಪಾದ ಹಿಂದೆ ತೆಗೆದಳು.
ಇನಾಸ್ ಕಬ್ಬಿಣದ್ದೊಂದು ಬೆಸೆದು ಕೊಟ್ಟ.
ಅದು ಆನೆಯನ್ನೂ ಹೊತ್ತೀತು,
ಅದನ್ನು ಹೊರಲು ಇನ್ನೊಂದು ಆನೆ ಬೇಕು.
ಉಪ್ಪುಗಾಳಿಗೆ ವಾರದೊಳಗೆ ಗೇರುಹಣ್ಣಿನ ಬಣ್ಣ.

ಉಳಿದದ್ದು ಮಡಚುವ ಅಲ್ಯೂಮಿನಿಯಂ.
ಒಂದೇ ಕೈಗೆ ಬರುತ್ತದೆ.
ನೂರೈವತ್ತು ಕಿಲೋ ತಡೆಯುತ್ತದೆ ಎಂದು ಬರೆದಿದ್ದಾರೆ,
ಯಾವ ನೆಲದ ಮೇಲೆ ಎಂದು ಬರೆದಿಲ್ಲ.
ಮಾಜಾಳಿಯ ಮರಳಲ್ಲಿ ಅದರ ನಾಲ್ಕು ಕಾಲೂ
ಏಡಿಗಳ ಹಾಗೆ ಒಳಗಿಳಿದವು,
ಎಡಗಡೆಯವು ಸ್ವಲ್ಪ ಹೆಚ್ಚೇ.

ಮೆಟ್ಟಿಲಿನ ವಿಷಯ ನನಗೆ ಗೊತ್ತು.
ಕಾರವಾರ ಅಂಕೋಲೆಯ ನಡುವೆ
ನಾನು ಊರುಗಳನ್ನು ನೋಡಿದ್ದು ಕಡಿಮೆ, ಪಾದಗಳನ್ನು ಹೆಚ್ಚು:
ಒಡೆದ ಹಿಮ್ಮಡಿ, ಸವೆದ ಹವಾಯಿ, ಶಾಲೆಯ ಒದ್ದೆ ಬೂಟು.
ಎರಡೂ ಕಾಲು ನೆಲ ಮುಟ್ಟುವ ತನಕ ಸೀಟಿ ಊದಬಾರದು.
ಅವರ್ಸಾದಲ್ಲಿ ಒಮ್ಮೆ
ಒಂದು ಕಾಲಿಗೇ ಊದಿದೆ.
ಆಕೆಯ ಕೈಯಲ್ಲಿ ಕೊತ್ತಂಬರಿ ಕಟ್ಟು ಇತ್ತು.
ಬಿದ್ದ ಮೇಲೂ ಕಟ್ಟು ಬಿಚ್ಚಿರಲಿಲ್ಲ.
ಅದನ್ನು ಇಲ್ಲಿಗೇ ಬಿಡುತ್ತೇನೆ.

ಅಕ್ಕ ಪರೀಕ್ಷೆ ಮಾಡಿದ್ದು ಬೇರೆ ಥರ.
ತಲೆಗೆ ಸಿಂಬೆ ಇಟ್ಟಳು, ಅದರ ಮೇಲೆ ಬುಟ್ಟಿ,
ಬುಟ್ಟಿಯೊಳಗೆ ನೀರಿನ ಎರಡು ಬಾಟಲಿ.
ಕೈಕೊಟ್ಟು ಹತ್ತಿಸಿದೆ. ಈಗ ಬಾಗಿಲಲ್ಲಿ ನಿಂತು,
ಸಮುದ್ರದ ಕಡೆ ಮುಖ ಮಾಡಿ ಹೇಳಿದಳು:
"ಬುಟ್ಟಿ ಹೊತ್ತವಳಿಗೆ ಕಾಲು ಕಾಣೂದಿಲ್ಲ, ತಮ್ಮಾ.
ಕಾಲಿಗೇ ಕಣ್ಣು ಬೇಕು."
ಪಾದ ಮುಂದೆ ಬಂತು, ಗಾಳಿಯಲ್ಲಿ ತಡಕಿತು,
ಪಟ್ಟಿ ಸಿಕ್ಕಿತು. ಬೆರಳು ಮುಂದಕ್ಕೆ ಸರಿದವು.
"ಇದು ಎಲ್ಲಿಗೆ ಮುಗೀತದೆ, ಹೇಳೂದಿಲ್ಲ ಇದು."

ನಲವತ್ತು ವರ್ಷ ಮಾರ್ಕೆಟ್ಟಿನ ಜಾರುನೆಲದಲ್ಲಿ
ನಡೆದವಳ ಮಾತು. ನಾನು ವಾದಿಸಲಿಲ್ಲ.
ಎರಡೂ ಅಂಚಿಗೆ ಬಲೆಯ ದಾರ ಒತ್ತಾಗಿ ಸುತ್ತಿದೆ.
ಕಾಲುಗಳ ಅಡಿಗೆ ಒಡೆದ ದೋಣಿಯ ಹಲಗೆ.
ಬಾಗಿಲ ಪಕ್ಕ, ಗುಜರಿಯಲ್ಲಿ ಸಿಕ್ಕ
ಬಸ್ಸಿನ ಹಳದಿ ಕಂಬ.
ಯಾರ್ಯಾರದೋ ಕೈ ಉಜ್ಜಿ ಬಣ್ಣ ಹೋದ ಜಾಗಕ್ಕೆ
ಅಕ್ಕನ ಕೈ ತಾನಾಗಿ ಹೋಯಿತು.

ಮೊದಲ ರಾತ್ರಿ, ಹಾರವಾಡ.
ಎರಡೂವರೆಗೆ ಬಾಗಿಲು ಸರಿದ ಸದ್ದು.
ಟಾರ್ಚು ದಿಂಬಿನ ಬಳಿಯೇ ಬಿಟ್ಟಿದ್ದಾಳೆ.
ಕಂಬಕ್ಕೆ ಬಳೆ ತಾಗಿತು.
ದಾರದ ಮೇಲೆ ಒಂದು ಪಾದ.
ಕೆಳಗಿನ ದಾರದ ಮೇಲೆ ಇನ್ನೊಂದು.
ಆಮೇಲೆ ಏನೂ ಇಲ್ಲ.
ಮರಳಿಗಿಳಿದ ಕಾಲಿಗೆ ಸದ್ದಿರುವುದಿಲ್ಲ,
ಅದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.
ಅಲೆ ಬಂತು, ಹೋಯಿತು.
ಸೀಟಿಯಿಲ್ಲದ ಬಾಯಲ್ಲಿ ಉಸಿರು ನಿಂತೇ ಇದೆ.

"ಎರಡೂ" ಎಂದಳು ಅಕ್ಕ ಹೊರಗಿನಿಂದ,
ನಾನು ಕೇಳದೆ.

ಬೆಳಗ್ಗೆ ನೋಡಿದರೆ ಹಲಗೆ ಅರ್ಧ ಇಂಚು ಹೂತಿತ್ತು.
ಎತ್ತಿ, ಕೊಡವಿ, ಮಡಚಿ ಒಳಗಿಟ್ಟೆ.
ಬೆಲೇಕೇರಿಯಲ್ಲಿ ಇನ್ನೂ ಅಗಲದ್ದು ಸಿಕ್ಕೀತು.